ಕಲ್ಲಾಗಬೇಕಿದ್ದ ಕೇಕು

ಖರ್ರ್... ಠಣ್.

ಬಿಸಿ ಕಲ್ಲಿನ ಮೇಲಿಂದ ತಗಡಿನ ಟ್ರೇ ಎಳೆದು ಕಟ್ಟೆಯ ಮೇಲೆ ಕುಕ್ಕಿದರೆ ಬರುವ ಸದ್ದು ಅದು. ಗದಗಿನಿಂದ ಬೆಟಗೇರಿಗೆ ಹೋಗುವಾಗ ಹತ್ತಿ ಚಕ್ಕಡಿಗಳು ಹೊರಳುವ ಮೂಲೆಯಲ್ಲಿ ಇಮಾಮಸಾಬನ ಬ್ರೆಡ್ಡಿನ ಭಟ್ಟಿ ಇತ್ತು. ಬೆಳಗಿನ ಬ್ರೆಡ್ಡು ಹೊರಬಿದ್ದ ಮೇಲೂ ಭಟ್ಟಿಯ ಹೊಟ್ಟೆಯಲ್ಲಿ ಕಾವು ಉಳಿದಿರುತ್ತಿತ್ತು. ಆ ಉಳಿದ ಕಾವು ಊರಿಗೆ ಸೇರಿದ್ದು. ಯಾರು ಬೇಕಾದರೂ ತಮ್ಮ ಮನೆಯ ಹಿಟ್ಟು, ಸಕ್ಕರೆ, ತುಪ್ಪ ಒಯ್ದು, ಎದುರಿಗೆ ಕೂತು ಬಿಸ್ಕೀಟು, ನಾನಕಟಾಯಿ ಮಾಡಿಸಿಕೊಂಡು ಬರಬಹುದಿತ್ತು. ಎದುರಿಗೆ ಕೂಡುವುದು ಮುಖ್ಯ. ಎದ್ದು ಹೋದರೆ ನಿಮ್ಮ ಎಮ್ಮೆಯ ತುಪ್ಪ ಡಾಲ್ಡಾ ಆಗಿಬಿಡುತ್ತದೆ ಎಂದು ಊರ ಹೆಂಗಸರ ನಂಬಿಕೆ. ಹಾಗಾದದ್ದನ್ನು ಒಬ್ಬರೂ ಕಂಡಿರಲಿಲ್ಲ. ಆದರೂ ಕಾವಲು ತಪ್ಪುತ್ತಿರಲಿಲ್ಲ.

ಈಗ ನನ್ನ ಅಡುಗೆಮನೆಯಲ್ಲಿ ಮೊಮ್ಮಗಳು ಕೊಡಿಸಿದ ಓವನ್ ಇದೆ. ಕೇಕ್ ಆಯಿತೆಂದರೆ ಟಿಂಗ್ ಅನ್ನುತ್ತದೆ. ಅತಿ ವಿನಯದ ಸದ್ದು. ಕಾನ್ವೆಂಟಿನಲ್ಲಿ ನಮಗೆ ಬಾಯಿಗೆ ಕರ್ಚೀಫ್ ಹಿಡಿದು ಕೆಮ್ಮಲು ಕಲಿಸಿದ್ದರಲ್ಲ, ಹಾಗೆ. ಅದನ್ನು ಕೇಳಿದರೆ ಕೇಕ್ ನಿಜವಾಗಿ ಬೆಂದಿದೆ ಅನ್ನಿಸುವುದೇ ಇಲ್ಲ.

ಮನೆಯಲ್ಲಿ ಓವನ್ ಇದ್ದೂ ನಾನು ಶನಿವಾರ ಶನಿವಾರ ಆಟೋ ಹತ್ತಿ ಊರಿನ ಕೇಕ್ ಅಂಗಡಿಗಳನ್ನು ಸುತ್ತುತ್ತೇನೆ. ಮನೆಯವರು ಇದಕ್ಕೆ "ಅಜ್ಜಿಯ ಇನ್ಸ್‌ಪೆಕ್ಷನ್" ಅನ್ನುತ್ತಾರೆ. ಅನ್ನಲಿ. ಶುಗರ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ನಾನೇನು ಬೇಡ ಅಂದಿಲ್ಲ. ಒಂದೊಂದು ಅಂಗಡಿಯಲ್ಲಿ ಒಂದೊಂದು ಪೇಸ್ಟ್ರಿ ಕೊಂಡು, ಒಂದೊಂದೇ ಚಮಚ ತಿಂದು, ಮಿಕ್ಕಿದ್ದನ್ನು ಆಟೋದವನಿಗೆ ಕೊಡುತ್ತೇನೆ. ಅವನು ಈಗ ನನಗಿಂತ ಒಳ್ಳೆಯ ಜಡ್ಜ್ ಆಗಿದ್ದಾನೆ. "ಆಜೀ, ಬಸ್‌ಸ್ಟ್ಯಾಂಡ್ ಕಡೀದು ಬರೇ ಗಾಳಿ ಐತ್ರಿ, ಮಾರ್ಕೆಟ್ ಕಡೀದು ಬರೇ ಸಕ್ಕರಿ" ಎಂದು ಮೊನ್ನೆ ತೀರ್ಪು ಕೊಟ್ಟ.

ಹೋದ ಶನಿವಾರ ಹೊಸ ಅಂಗಡಿಯೊಂದರಲ್ಲಿ ಗಾಜಿನ ಕಪಾಟಿನ ಹಿಂದಿದ್ದ ಹುಡುಗಿ ತಲೆಯೆತ್ತದೆ ಕೇಳಿದಳು: "ಎಗ್ಗಾ, ಎಗ್‌ಲೆಸ್ಸಾ ಅಜ್ಜೀ?"

ಎಷ್ಟು ಸಲೀಸಾಗಿ ಕೇಳಿಬಿಟ್ಟಳು. ಆ ಪ್ರಶ್ನೆಯನ್ನು ಒಮ್ಮೆ ಯಾರೂ ಗಟ್ಟಿಯಾಗಿ ಕೇಳದೆ ಇದ್ದದ್ದಕ್ಕೆ ನಮ್ಮ ಶಾಂತಕ್ಕನ ಮದುವೆಯಾಯಿತು.

ಇದು ಸ್ವಾತಂತ್ರ್ಯ ಬಂದ ವರ್ಷದ ಮಾತು. ನನಗೆ ಹನ್ನೊಂದು, ಶಾಂತಕ್ಕನಿಗೆ ಹದಿನೇಳು. ಗದಗಿನಲ್ಲಿ ನಮ್ಮದು ಹತ್ತಿ ದಲಾಲಿ ಮನೆ. ಅವ್ವ ಎರಡು ವರ್ಷ ಹಾಸಿಗೆ ಹಿಡಿದು ಹೋಗಿಬಿಟ್ಟಿದ್ದಳು. ಮನೆ ನಡೆಸುತ್ತಿದ್ದವಳು ಆಯಿ, ಅಂದರೆ ಅಪ್ಪನ ತಾಯಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಬೀಗದ ಕೈ. ಅಪ್ಪನಿಗೆ ಆಗಾಗ ಸುಧಾರಣೆಯ ಹುಕಿ ಬರುತ್ತಿತ್ತು. ಅಂಥ ಒಂದು ಹುಕಿಯಲ್ಲಿ ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದ. ಹುಕಿ ಒಬ್ಬಳಿಗೇ ಸಾಕಾಯಿತು. ಶಾಂತಕ್ಕ ಊರಲ್ಲೇ ಉಳಿದಳು.

ಅವಳು ಅವ್ವನ ಆರೈಕೆಗೆಂದು ಎರಡು ವರ್ಷ ಶಾಲೆ ಬಿಟ್ಟಿದ್ದಳು. ಈಗ ಮುಲ್ಕಿ ಪರೀಕ್ಷೆಗೆ ಕೂಡಬೇಕೆಂದು ಹಠ ಹಿಡಿದಿದ್ದಳು. ಮುಲ್ಕಿ ಅಂದರೆ ಆಗಿನ ಏಳನೇ ಇಯತ್ತೆಯ ಪರೀಕ್ಷೆ. ಇವತ್ತು ಕೇಳಿದರೆ ನಗು ಬರಬಹುದು, ಆದರೆ ಆಗ ಮುಲ್ಕಿ ಪಾಸಾದವರಿಗೆ ಮಾಸ್ತರಿಕೆ ಸಿಗುತ್ತಿತ್ತು. ಶಾಂತಕ್ಕನಿಗೆ ಬೇಕಾಗಿದ್ದದ್ದು ಅದೊಂದೇ: ಒಂದು ಕುರ್ಚಿ, ಒಂದು ಮೇಜು, ಎದುರಿಗೆ ನಲವತ್ತು ಮಕ್ಕಳು, ಯಾರೂ ಪ್ರಶ್ನಿಸಲಾರದ ಒಂದು ಫೂಟ್‌ಪಟ್ಟಿ.

ನನಗೆ ಬೇಕಾಗಿದ್ದದ್ದು ಕೇಕು.

ಕಾನ್ವೆಂಟಿನಲ್ಲಿ ಕ್ರಿಸ್‌ಮಸ್‌ಗೆ ಸಿಸ್ಟರ್ ಬೆನೆಡಿಕ್ಟಾ ಒಂದೊಂದು ತುಂಡು ಹಂಚಿದ್ದರು. ನಾನು ಅದನ್ನು ತಿಂದ ಮೇಲೆ ಅದರಲ್ಲಿ ಏನಿದೆ ಎಂದು ಕೇಳಿದೆ. ಕೇಳುವ ಕ್ರಮ ತಪ್ಪಿತ್ತು, ಒಪ್ಪುತ್ತೇನೆ. ಸಿಸ್ಟರ್ ರೆಸಿಪಿ ತೋರಿಸಿದರು. ಮೊದಲ ಸಾಲೇ "ಟೇಕ್ ಫೋರ್ ಎಗ್ಸ್" ಎಂದಿತ್ತು. ನಾನು ಮೂರು ದಿನ ದೇವರ ಕ್ಷಮೆ ಕೇಳಿ, ನಾಲ್ಕನೇ ದಿನ ರೆಸಿಪಿ ನಕಲು ಮಾಡಿಕೊಂಡೆ, ಮೊದಲ ಸಾಲು ಬಿಟ್ಟು. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ, "ಅದು" ಅನ್ನುತ್ತಿದ್ದರು. ಆಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಿಜ. ಆದರೆ ಕಾಗದ ಮೂಸಿ ಕಂಡುಹಿಡಿಯುವ ತಾಕತ್ತು ಇತ್ತು.

ಕಾನ್ವೆಂಟಿಗೆ ರಜೆ ಬಿದ್ದು ಸೂಟಿಗೆ ಬಂದಾಗಲೆಲ್ಲ ನನ್ನ ಪ್ರಯೋಗ. ಮೊದಲು ಹಿತ್ತಲಿನ ಬಚ್ಚಲ ಒಲೆಯ ಮೇಲೆ, ಡಬರಿಯಲ್ಲಿ ಉಸುಕು ಹಾಕಿ, ಮೇಲೊಂದು ತಾಟು ಮುಚ್ಚಿ, ತಾಟಿನ ಮೇಲೂ ಕೆಂಡ ಹರಡಿ. ಹೊರಬಂದದ್ದನ್ನು ನಮ್ಮ ಎಮ್ಮೆ ಮೂಸಿ ಮುಖ ತಿರುಗಿಸಿತು. ಅಪ್ಪ ಅದನ್ನು ಕೈಯಲ್ಲಿ ತೂಗಿ, "ಸರೂ, ಹಿಂದಿನ ಗ್ವಾಡಿ ಬಿದ್ದೈತಿ, ಇಂಥಾವು ಇನ್ನೊಂದ್ ನೂರು ಮಾಡವ್ವ" ಎಂದ. ಒಲೆಯದೇ ತಪ್ಪೆಂದು ತೀರ್ಮಾನಿಸಿ ನಾನು ಇಮಾಮಸಾಬನ ಭಟ್ಟಿಗೆ ಬಡ್ತಿ ಪಡೆದೆ. ಆಯಿ ತುಪ್ಪದ ಕಾವಲಿಗೆ ಜೊತೆಗೆ ಬಂದಳು. ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಸಿಕೊಂಡು, ತುಪ್ಪದ ಗಿಂಡಿಯ ಮೇಲೆ ಕಣ್ಣಿಟ್ಟು ಕೂಡುತ್ತಿದ್ದಳು.

ಭಟ್ಟಿ ಬದಲಾಯಿತು, ಇಟ್ಟಂಗಿ ಬದಲಾಗಲಿಲ್ಲ. ಮಜ್ಜಿಗೆ ಹಾಕಿದೆ, ಸೋಡಾ ಹಾಕಿದೆ, ಬಾಳೆಹಣ್ಣು ಹಿಸುಕಿದೆ.

"ಬೇಟೀ," ಇಮಾಮಸಾಬ ಆಯಿಗೆ ಕೇಳದ ಹಾಗೆ ಅನ್ನುತ್ತಿದ್ದ, "ಅದು ಇಲ್ದ ಇದು ಏಳೂದಿಲ್ಲ. ರೇಲ್ವೆ ಗಾರ್ಡಸಾಹೇಬರ ಮೇಮಸಾಬ್ ವರ್ಷಾ ಮಾಡಸ್ತಾರ. ನಾಕು ಒಡೀತಾರ, ಹಿಂಗ ಏಳತೈತಿ." ಗಾಳಿಯಲ್ಲಿ ಒಂದು ಮೊಳ ಎತ್ತರ ತೋರಿಸುತ್ತಿದ್ದ. ಅವನ ಕೈ ಏರಿದ ಹಾಗೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಶಿರಹಟ್ಟಿಯಿಂದ ಶಾಂತಕ್ಕನನ್ನು ಹೆಣ್ಣು ಕೇಳಿಕೊಂಡು ಮಧ್ಯಸ್ಥಗಾರನೊಬ್ಬ ಬಂದ. ಆಗ ಶಿರಹಟ್ಟಿ ಸಂಸ್ಥಾನದಲ್ಲಿತ್ತು. ಗದಗಿನಲ್ಲಿ ಝೆಂಡಾ ಹಾರಿ ಮೂರು ತಿಂಗಳಾಗಿತ್ತು, ಅಲ್ಲಿ ಇನ್ನೂ ರಾಜರು. "ಇಡೀ ದೇಶಕ್ಕ ಸ್ವಾತಂತ್ರ್ಯ ಬಂತು, ನನ್ನ ರಾಜರ ಕಡೆ ಕಳಸ್ತೀರಿ" ಎಂದು ಶಾಂತಕ್ಕ ಗೊಣಗಿದಳು. ಅಪ್ಪ ನಕ್ಕ. ಆಯಿ ನಗಲಿಲ್ಲ.

ಗಂಡಿನ ತಂದೆ ವಿರೂಪಾಕ್ಷಪ್ಪನವರು ಕಾಳಿನ ವ್ಯಾಪಾರಿ. ಸಿಹಿಗಾಗಿ ಊರೂರು ತಿರುಗುವ ಆಸಾಮಿ. ಶಿಗ್ಲಿಯ ಬೀಗರಲ್ಲಿ ಮಾದಲಿ, ಲಕ್ಷ್ಮೇಶ್ವರದಲ್ಲಿ ಕರದಂಟು, ಕೊರ್ಲಹಳ್ಳಿಯ ಹೊಳೆದಂಡೆಯ ಮನೆಯೊಂದರಲ್ಲಿ ಗೋಧಿ ಹುಗ್ಗಿ, ಹೀಗೆ ಅವರ ವ್ಯಾಪಾರದ ದಾರಿಯೆಲ್ಲ ಸಿಹಿಯ ಮೇಲೆ ಕಾಲಿಟ್ಟು ಹೋಗುತ್ತಿತ್ತು. ಮುಂಡರಗಿ ಕಡೆಯ ಒಂದು ಸಂಬಂಧವನ್ನು ಹೋಳಿಗೆಯ ಅಂಚು ಗಟ್ಟಿಯಾಗಿತ್ತೆಂದು ಬಿಟ್ಟಿದ್ದರಂತೆ. ಹೋಳಿಗೆಯ ಅಂಚು ನೋಡದವರು ಮಗಳನ್ನೇನು ತಿದ್ದಿಯಾರು ಎಂದು ಅವರ ವಾದ. ಇದನ್ನು ಕೇಳಿದ ಆಯಿ ಮಧ್ಯಸ್ಥಗಾರನಿಗೆ, "ನಮ್ಮ ಹುಡುಗ್ಯಾರಿಗೆ ಇಂಗ್ಲಿಷ್ ಕೇಕು ಸುದ್ದಾ ಮಾಡಾಕ ಬರತೈತಿ ಅಂತ ಹೇಳ್ರಿ" ಎಂದುಬಿಟ್ಟಳು.

ಉತ್ತರ ಬಂತು: ವಿರೂಪಾಕ್ಷಪ್ಪನವರು ಪುಣೆಯಲ್ಲಿ ಒಮ್ಮೆ ಕೇಕನ್ನು ಗಾಜಿನ ಕಪಾಟಿನಲ್ಲಿ ಕಂಡಿದ್ದಾರೆ. ಅದರಲ್ಲಿ ಅದು ಇದೆ ಎಂದು ಗೊತ್ತಾಗಿ, ಕೈ ಕಟ್ಟಿ ನಿಂತು ನೋಡಿ ಬಂದಿದ್ದಾರೆ. ಅದು ಇಲ್ಲದ ಕೇಕು ಆಗುವುದಾದರೆ ಬರುವ ಸೋಮವಾರವೇ ಬರುತ್ತಾರೆ.

ಆ ಸಂಜೆ ಶಾಂತಕ್ಕ ನನ್ನನ್ನು ಮಾಳಿಗೆಗೆ ಎಳೆದುಕೊಂಡು ಹೋದಳು. ಸುತ್ತ ಹತ್ತಿಯ ಅಂಡಿಗೆ, ನಡುವೆ ಅವಳ ಭೂಗೋಳದ ಪುಸ್ತಕ.

"ಸರೂ, ಈ ಮದುವಿ ಆತಂದ್ರ ನನ್ನ ಮುಲ್ಕಿ ಹೋತು. ಬ್ಯಾಸಗೀಗೆ ಪರೀಕ್ಷಾ ಐತಿ. ಫಾರ್ಮ್ ತುಂಬೇನಿ, ಅಪ್ಪನ ಕಡೆ ಸಹಿ ಮಾಡಿಸೇನಿ. ಮದುವಿ ಅಂದ್ರ ಆಯಿ ಅದನ್ನ ಒಲಿಗೆ ಹಾಕ್ತಾಳ."

"ನಾ ಏನ್ ಮಾಡ್ಲಿ?"

"ಕೇಕು ಮಾಡು."

"ಮಾಡಾಕತ್ತೇನಲ್ಲ."

"ಹಂಗಲ್ಲ. ನೀ ಯಾವಾಗ್ಲೂ ಮಾಡ್ತೀಯಲ್ಲ, ಹಂಗ ಮಾಡು. ಕಲ್ಲು. ಅಷ್ಟ ಸಾಕು. ಅವರು ಅದರ ಮ್ಯಾಲ ಹಲ್ಲು ಇಟ್ರ ಮದುವಿ ತಾನ ಮುರೀತೈತಿ."

ನಾನು ಆಗಲಿ ಎಂದೆ. ತಲೆಯ ಮೇಲೆ ಕೈಯಿಟ್ಟು ಆಣೆಯನ್ನೂ ಮಾಡಿದೆ. ಕೆಳಗಿಳಿದು ಬಂದ ಮೇಲೆ, "ನೀ ಯಾವಾಗ್ಲೂ ಮಾಡ್ತೀಯಲ್ಲ, ಹಂಗ" ಎಂಬುದು ಚುಚ್ಚಲು ಶುರುವಾಯಿತು. ನನ್ನ ಕೇಕಿನ ಮೇಲೆ ಅಷ್ಟೊಂದು ಭರವಸೆ ಅವಳಿಗೆ. ಕೇಕು ಮಾಡುವವಳೊಬ್ಬಳಿಗೆ ಅದಕ್ಕಿಂತ ದೊಡ್ಡ ಇನ್‌ಸಲ್ಟ್ ಇದೆಯೇ ಹೇಳಿ.

ಸೋಮವಾರ ಬೆಳಿಗ್ಗೆ ಹಿಟ್ಟು ಸಕ್ಕರೆ ಹೊತ್ತು ನಾನು ಮುಂದೆ ಓಡಿದೆ. ಆಯಿ ತುಪ್ಪದ ಗಿಂಡಿ ಹಿಡಿದು ಹಿಂದೆ ನಿಧಾನವಾಗಿ ಬರುತ್ತಿದ್ದಳು. ಆ ಅಂತರದಲ್ಲಿ ನಾನು ಪಾಪ ಮಾಡಿದೆ.

"ಕಾಕಾ, ಇವತ್ತೊಂದಿನ ಅದನ್ನ ಹಾಕೂಣು."

ಇಮಾಮಸಾಬ ಎರಡೂ ಕಿವಿ ಮುಟ್ಟಿಕೊಂಡ. "ತೌಬಾ. ಅಮ್ಮಾರು ನನ್ನs ಭಟ್ಟಿಯೊಳಗ ಹಾಕ್ತಾರ."

"ಆಯಿ ತುಪ್ಪ ಅಷ್ಟ ನೋಡ್ತಾಳ. ಬ್ಯಾರೆ ಏನೂ ನೋಡೂದಿಲ್ಲ."

"ಬ್ಯಾಡ ಬೇಟಿ."

"ಒಂದs ಸಲ. ಏಳತೈತೋ ಇಲ್ಲೋ ನೋಡೂಣು."

ನನ್ನ ಇಟ್ಟಂಗಿಗಳು ಹೊರಬಿದ್ದದ್ದು ಅವನ ಭಟ್ಟಿಯಿಂದ. ಇಮಾಮಸಾಬನ ಭಟ್ಟಿ ಕೆಟ್ಟಿದೆ ಎಂದು ಸುತ್ತಲಿನ ಓಣಿಗಳಲ್ಲಿ ಮಾತಾಗಿತ್ತು. ಅದು ಅವನಿಗೂ ಚುಚ್ಚುತ್ತಿತ್ತು ಎಂದು ಕಾಣುತ್ತದೆ. ಒಮ್ಮೆ ರಸ್ತೆ ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಹಿತ್ತಲಿನ ಕಡೆ ಮುಖ ಮಾಡಿ ಹೆಂಡತಿಗೆ ಏನೋ ಕೂಗಿದ.

ಆಯಿ ಬಂದು ಸ್ಟೂಲಿನ ಮೇಲೆ ಕೂತಳು. ತುಪ್ಪ ಅಳೆದು ಸುರಿದರು. ಆಯಿಯ ಕಣ್ಣು ಗಿಂಡಿಯಿಂದ ಪಾತ್ರೆಗೆ, ಪಾತ್ರೆಯಿಂದ ಗಿಂಡಿಗೆ. ಅಷ್ಟರಲ್ಲಿ ಇಮಾಮಸಾಬನ ಹೆಂಡತಿ ಸೆರಗು ಮುಚ್ಚಿಕೊಂಡು ಒಂದು ಬಟ್ಟಲು ತಂದಿಟ್ಟಳು. ಹಾಲಿನಲ್ಲಿ ಕದಡಿದ ಹಳದಿ.

"ಅದೇನ ಅದು?" ಎಂದಳು ಆಯಿ.

ನನ್ನ ಬಾಯಿ ನನಗಿಂತ ಮೊದಲೇ ಉತ್ತರ ಕೊಟ್ಟಿತು. "ಕೇಸರಿ ಹಾಲು ಬೇ."

ಆಯಿ ಕತ್ತು ಚಾಚಿ ನೋಡಿದಳು. "ಏ ಇಮಾಮಸಾಬ, ಕೇಸರಿ ಭಾಳ ಬಿತ್ತು ನೋಡಪ. ಬೀಗರು ನಾವೇನೋ ದೊಡ್ಡ ಸಾವ್ಕಾರರು ಅಂತ ತಿಳಕೊಂಡಾರು." ಮತ್ತೆ ತುಪ್ಪದ ಕಡೆ ತಿರುಗಿದಳು.

ಖರ್ರ್... ಠಣ್.

ಅದು ಎದ್ದಿತ್ತು. ಮೊಳ ಎತ್ತರವಲ್ಲ, ಅದು ಇಮಾಮಸಾಬನ ಕಥೆ. ಆದರೆ ಟ್ರೇಯ ಅಂಚು ದಾಟಿ, ನಡುವೆ ಸಣ್ಣಗೆ ಬಿರಿದು, ಬೆರಳಿಟ್ಟರೆ ತಗ್ಗಿ ಮತ್ತೆ ಮೇಲೆ ಬರುತ್ತಿತ್ತು. ನಾನೂ ಇಮಾಮಸಾಬನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆ ಗಳಿಗೆಯಲ್ಲಿ ನನಗೆ ಶಾಂತಕ್ಕನ ನೆನಪೂ ಬರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬರಲಿಲ್ಲ.

ನೆನಪು ಬಂದದ್ದು ಮಧ್ಯಾಹ್ನ, ಅವಳು ಅಡುಗೆಮನೆಯಲ್ಲಿ ತಾಟಿನ ಮೇಲಿನ ಬಟ್ಟೆ ತೆಗೆದಾಗ. ಅವಳು ಕೇಕನ್ನು ಬೆರಳಿನಿಂದ ಒತ್ತಿದಳು. ಅದು ಮೇಲೆ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು.

"ಕಲ್ಲು ಮಾಡು ಅಂದ್ರ ಹೂವು ಮಾಡಿದಿ," ಎಂದಳು. ಬೈಯಲಿಲ್ಲ. ತಾಟು ಎತ್ತಿಕೊಂಡು ಪಡಸಾಲೆಗೆ ಹೋದಳು.

ವಿರೂಪಾಕ್ಷಪ್ಪನವರು ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಪಕ್ಕದಲ್ಲಿ ಮಗ, ನೆಲದಲ್ಲೇನೋ ಬರೆದಿದೆ ಎಂಬ ಹಾಗೆ ಕೆಳಗೆ ನೋಡುತ್ತ ಕೂತಿದ್ದ. ಯಾರೂ ಹುಡುಗಿಯನ್ನು ನೋಡಲಿಲ್ಲ. ಎಲ್ಲರೂ ತಾಟನ್ನು ನೋಡಿದರು.

"ಇದರಾಗ ಅದು..." ಎಂದು ಅವರು ಅರ್ಧಕ್ಕೆ ನಿಲ್ಲಿಸಿದರು.

"ಛೇ ಛೇ," ಎಂದಳು ಆಯಿ. "ನನ್ನ ಕಣ್ಣ ಮುಂದ ಆಗೈತ್ರಿ. ಸ್ಟೂಲ್ ಹಾಕ್ಕೊಂಡು ಕುಂತಿದ್ದೆ."

ಅವರು ಒಂದು ಚೂರು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಮಗ ಗಾಬರಿಗೊಂಡು, "ಅಪ್ಪಾರ?" ಎಂದ. ಅವರು ಕಣ್ಣು ತೆರೆದು ನನ್ನನ್ನೊಮ್ಮೆ ನೋಡಿದರು, ಶಾಂತಕ್ಕನನ್ನೊಮ್ಮೆ ನೋಡಿದರು, ಆಯಿಯನ್ನೊಮ್ಮೆ ನೋಡಿದರು.

"ಹುಡುಗಿ ಒಪ್ಪಿಗಿ ಐತಿ," ಎಂದರು. "ಇನ್ನೊಂದ್ ತುಂಡು ಹಾಕ್ರಿ."

ಮದುವೆ ಚಳಿಗಾಲದಲ್ಲೇ ಆಯಿತು. ಅಲ್ಲಿಯವರೆಗೂ ಶಾಂತಕ್ಕ ನನ್ನ ಜೊತೆ ಮಾತಾಡಲಿಲ್ಲ. ಅರಿಷಿಣ ಹಚ್ಚುವಾಗ ನಾನು ಬಟ್ಟಲು ಹಿಡಿದರೆ ಮುಖ ಆಚೆ ತಿರುಗಿಸುತ್ತಿದ್ದಳು. ಭೂಗೋಳದ ಪುಸ್ತಕವನ್ನು ಅವಳು ಯಾರಿಗೂ ಕಾಣದ ಹಾಗೆ ಟ್ರಂಕಿನ ತಳಕ್ಕೆ ಇಟ್ಟದ್ದನ್ನು ನಾನು ನೋಡಿದೆ. ಕಾನ್ವೆಂಟಿನಲ್ಲಿ ಕನ್ಫೆಶನ್ ಎಂಬ ಒಂದು ಸೌಕರ್ಯವಿದೆ, ನಮ್ಮಲ್ಲಿ ಇಲ್ಲ. ನಾನು ಎಮ್ಮೆಯ ಎದುರು ನಿಂತು ತಪ್ಪಾಯಿತು ಎಂದು ಹೇಳಿಬಂದೆ.

ಮದುಮಗಳ ಜೊತೆ ತಂಗಿಯನ್ನು ಕಳಿಸುವುದು ಪದ್ಧತಿ. ಹಾಗಾಗಿ ಮಾತಿಲ್ಲದ ಅಕ್ಕನ ಪಕ್ಕ ಚಕ್ಕಡಿಯಲ್ಲಿ ಕೂತು ನಾನೂ ಶಿರಹಟ್ಟಿಗೆ ಹೊರಟೆ. ಮಾವನವರು ಕೇಳಿದರೆಂದು ಇನ್ನೊಂದು ಕೇಕು ಮಾಡಿಸಿ ಡಬ್ಬಿಯಲ್ಲಿ ಕೊಟ್ಟಿದ್ದರು. ಮಾಡಿಸಿದವಳು ನಾನೇ, ಕೇಸರಿ ಹಾಲು ಹಾಕಿಯೇ. ಒಮ್ಮೆ ಹೂವು ಮಾಡಿದ ಮೇಲೆ ಮತ್ತೆ ಕಲ್ಲು ಮಾಡುವುದು ಹೇಗೆ? ಸಂಸ್ಥಾನದ ಗಡಿಯ ಸುಂಕದ ನಾಕೆಯಲ್ಲಿ ಗಾಡಿ ನಿಲ್ಲಿಸಿದರು. ನಾಕೆಯವನು ಡಬ್ಬಿಯ ಮುಚ್ಚಳ ತೆಗೆದು ಮೂಸಿದ.

"ಇದೇನ್ರಿ ಯಜಮಾನ್ರ? ಇದು ಕಾಳಿನ ಲೆಕ್ಕಕ್ಕ ಬರತೈತೋ ಬೆಲ್ಲದ ಲೆಕ್ಕಕ್ಕೋ?"

ವಿರೂಪಾಕ್ಷಪ್ಪನವರು ಡಬ್ಬಿ ಕಸಿದು ತೊಡೆಯ ಮೇಲಿಟ್ಟುಕೊಂಡರು. "ಇದು ನನ್ನ ಔಷಧ. ಕೈ ಹಚ್ಚಬ್ಯಾಡ."

ಮುಂದಿನ ದಾರಿಯೆಲ್ಲ ಅವರು ಆ ಡಬ್ಬಿಯನ್ನು ಕೂಸಿನ ಹಾಗೆ ಹಿಡಿದು ಕೂತಿದ್ದರು. ಗಾಡಿ ಕುಲುಕಿದಾಗ ತಾವು ಕುಲುಕಿದರು, ಡಬ್ಬಿ ಕುಲುಕಲಿಲ್ಲ. ಶಾಂತಕ್ಕ ಸೆರಗಿನ ಮರೆಯಿಂದ ಅದನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ, ಎಷ್ಟೋ ದಿನಗಳ ಮೇಲೆ, ನನ್ನ ತೊಡೆಗೆ ಒಂದು ಚಿವುಟು ಬಿತ್ತು. ಜೋರಾಗಿಯೇ ಬಿತ್ತು. ಆದರೆ ಅದು ಕ್ಷಮೆಯ ಚಿವುಟು ಎಂದು ಗೊತ್ತಾಗುವಷ್ಟು ನಾನು ಅವಳ ತಂಗಿ.

ಬೇಸಿಗೆ ಸೂಟಿಗೆ ನಾನು ಮನೆಗೆ ಬರುವ ಹೊತ್ತಿಗೆ ಶಿರಹಟ್ಟಿಯಿಂದ ಕಾರ್ಡು ಬಂದಿತ್ತು. "ಮಾವನವರಿಗೆ ಕೇಕಿನ ಬಯಕೆಯಾಗಿದೆ. ಮಾಡಿಸಿಕೊಂಡು ಹೋಗಲು ರವಿವಾರ ಸಂಜೆ ಬರುತ್ತೇನೆ. ನಾಲ್ಕು ದಿನ ಬೇಕಾಗುತ್ತದೆ." ನಾಲ್ಕು ದಿನ ಯಾಕೆ ಎಂದು ಆಯಿ ಕೇಳಿದಳು. ನಾನು ಕ್ಯಾಲೆಂಡರ್ ನೋಡಿದೆ. ಮುಲ್ಕಿ ಪರೀಕ್ಷೆ ಸೋಮವಾರದಿಂದ ನಾಲ್ಕು ದಿನ.

ಶಾಂತಕ್ಕ ಬಂದಿಳಿದು ಆಯಿಗೆ ಒಪ್ಪಿಸಿದಳು, ಮಾವನಿಗೆ ಒಪ್ಪಿಸಿದ್ದನ್ನೇ. "ಒಂದನೇ ದಿನ ಹಿಟ್ಟು ಜರಡಿ ಹಿಡೀಬೇಕ ಬೇ, ಏಳು ಸಲ. ಎರಡನೇ ದಿನ ದ್ರಾಕ್ಷಿ ನೆನೀಬೇಕು. ಮೂರನೇ ದಿನ ಹಿಟ್ಟಿಗೆ ವಿಶ್ರಾಂತಿ. ನಾಕನೇ ದಿನ ಭಟ್ಟಿ. ದೊಡ್ಡ ಕೇಕಂದ್ರ ಹಂಗ. ಹೌದಲ್ಲೇನ್ ಸರೂ?"

"ಸಿಸ್ಟರ್ ಹಂಗs ಹೇಳ್ಯಾರ," ಎಂದೆ ನಾನು. ಪಾಪ, ಸಿಸ್ಟರ್ ಬೆನೆಡಿಕ್ಟಾ.

ದಿನಾ ಬೆಳಿಗ್ಗೆ ನಾವು ಮೂವರೂ ಭಟ್ಟಿಗೆ ಹೊರಡುತ್ತಿದ್ದೆವು. ಆಯಿ ಸ್ಟೂಲಿನ ಮೇಲೆ ಕಾವಲು. ಶಾಂತಕ್ಕ ಕೇಕಿನ ಡಬ್ಬಿ ಹಿಡಿದು ಒಳಗೆ ಹೋಗಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಎರಡು ಓಣಿ ದಾಟಿದರೆ ಪರೀಕ್ಷೆಯ ಶಾಲೆ. ಡಬ್ಬಿಯೊಳಗೆ ಶಾಯಿಯ ದೌತಿ, ಬರೆಯುವ ಟಾಕು, ಫೂಟ್‌ಪಟ್ಟಿ. ನಾನೂ ಇಮಾಮಸಾಬನೂ ಒಳಗೆ ಒಂದೇ ಹಿಟ್ಟನ್ನು ಮತ್ತೆ ಮತ್ತೆ ಜರಡಿ ಹಿಡಿಯುತ್ತಿದ್ದೆವು. ಅವನ ಗಡ್ಡ ಸಂಜೆಯ ಹೊತ್ತಿಗೆ ಮೊದಲಿಗಿಂತ ಬೆಳ್ಳಗಾಗುತ್ತಿತ್ತು.

ಮೂರನೇ ದಿನ, ಹಿಟ್ಟಿಗೆ ವಿಶ್ರಾಂತಿಯ ದಿನ. ಶಾಂತಕ್ಕ ಇನ್ನೇನು ಒಳಗೆ ಹೋಗಬೇಕು, ಆಯಿ ಅವಳ ಕೈ ಹಿಡಿದು ನಿಲ್ಲಿಸಿದಳು. ಬೆರಳು ತಿರುಗಿಸಿ ನೋಡಿದಳು. ನಡುಬೆರಳಿನ ಪಕ್ಕ ನೀಲಿ ಕಲೆ.

"ಕೇಕಿಗೆ ಶಾಯಿ ಯಾಕ ಬೇಕವಾ?" ಎಂದಳು.

ಇಮಾಮಸಾಬ ಭಟ್ಟಿಯೊಳಗೆ ತಲೆಯಿಟ್ಟು ಏನೋ ಹುಡುಕತೊಡಗಿದ. ಎರಡು ಪೇಪರು ಮುಗಿದಿದ್ದವು, ಇನ್ನೆರಡು ಉಳಿದಿದ್ದವು. ಆಯಿ ಒಂದು ಮಾತು ಕೂಗಿದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಆಯಿ ಸೆರಗಿನ ತುದಿಗೆ ಉಗುಳು ಹಚ್ಚಿ, ಆ ಕಲೆಯನ್ನು ತಿಕ್ಕಿದಳು. ಪೂರ್ತಿ ಹೋಗಲಿಲ್ಲ. ಸ್ಟೂಲನ್ನು ಬಾಗಿಲಿಗೆ ಅಡ್ಡ ಎಳೆದು, ರಸ್ತೆಯ ಕಡೆ ಮುಖ ಮಾಡಿ ಕೂತಳು.

"ಜಲ್ದಿ ಹೋಗಿ ಬಾ," ಎಂದಳು. "ಭಟ್ಟಿ ಆರತೈತಿ."

ಅವತ್ತು ಮೊದಲ ಸಲ ಆಯಿ ತುಪ್ಪದ ಗಿಂಡಿಗೆ ಬೆನ್ನು ಮಾಡಿ ಕೂತದ್ದು.

ಶಾಂತಕ್ಕ ಪಾಸಾದಳು. ಸುದ್ದಿ ತಿಳಿದ ಮಾವನವರು ಇನ್ನೊಂದು ಕೇಕು ಯಾವಾಗ ಎಂದಷ್ಟೇ ಕೇಳಿದರಂತೆ. ಆಮೇಲೆ ಅವಳ ಮಾಸ್ತರಿಕೆಯ ಟ್ರೇನಿಂಗ್ ಕೇಕಿನ ಬಲದ ಮೇಲೆ ನಡೆಯಿತು, ನೇಮಕವೂ ಕೇಕಿನ ಮೇಲೆ. ಸಂಸ್ಥಾನ ಹೋಯಿತು, ನಾಕೆ ಹೋಯಿತು, ರಾಜ್ಯ ಒಂದಾಯಿತು. ಒಂದಾದ ದಿನ ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದ ಶಾಂತಕ್ಕ ಇಮಾಮಸಾಬನಿಂದ ದೊಡ್ಡ ಕೇಕು ಮಾಡಿಸಿ ತರಿಸಿದಳು. ಎಲ್ಲ ಮನೆಯ ಮಕ್ಕಳೂ ತಿನ್ನಬೇಕಲ್ಲ, ಅದಕ್ಕೆ ಅದು ಇಲ್ಲದ್ದು. ಇಮಾಮಸಾಬ ಅಷ್ಟರಲ್ಲಿ ಮೊಸರು, ಸೋಡಾ ಹಾಕಿ ಹೇಗೋ ಏಳಿಸುವುದನ್ನು ಕಲಿತಿದ್ದ. ಅವಳು ಅದನ್ನು ಫೂಟ್‌ಪಟ್ಟಿ ಇಟ್ಟು ಗೆರೆ ಎಳೆದು ಕತ್ತರಿಸಿದಳು, ಒಬ್ಬರಿಗೂ ಒಂದು ದಾರ ಹೆಚ್ಚಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವನವರಿಗೂ ಒಂದು ತುಂಡು ಬಂತು. ತಿಂದು, ಬಾಯಿ ಒರೆಸಿಕೊಂಡು, "ಚಲೋ ಐತಿ," ಎಂದರು. "ಆದ್ರ ಅದಲ್ಲ."

ನಾನು ಪಕ್ಕದಲ್ಲೇ ಇದ್ದೆ. ವಯಸ್ಸಾಯಿತಲ್ಲ, ಬಾಯಿ ರುಚಿ ಕೆಟ್ಟಿದೆ ಎಂದುಕೊಂಡೆ. ಇಪ್ಪತ್ತು ತುಂಬಿದವರಿಗೆ ಎಲ್ಲ ಗೊತ್ತಿರುತ್ತದೆ ನೋಡಿ.

ಇಮಾಮಸಾಬ ಹೋದ, ಆಯಿ ಅವನಿಗಿಂತ ಮೊದಲೇ ಹೋಗಿದ್ದಳು. ಭಟ್ಟಿ ಇದ್ದ ಮೂಲೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಕೇಸರಿ ಹಾಲಿನ ಕಥೆಯನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಶಾಂತಕ್ಕನಿಗೂ ಇಲ್ಲ. ಹೂವು ಹೇಗಾಯಿತು ಎಂದು ಅವಳೂ ಒಮ್ಮೆಯೂ ಕೇಳಿರಲಿಲ್ಲ. ಅಷ್ಟು ಕಟ್ಟುನಿಟ್ಟಾದ ಮನೆಯ ಹಿರಿಯನಿಗೆ ನಾನು ಕದ್ದು ತಿನ್ನಿಸಿದ್ದು ಒಳಗೊಳಗೇ ಮುಳ್ಳಾಗಿ ಉಳಿದಿತ್ತು.

ಹತ್ತು ವರ್ಷದ ಹಿಂದಿರಬೇಕು, ನನ್ನ ಇನ್ಸ್‌ಪೆಕ್ಷನ್ ಆಟೋದಲ್ಲೇ ಶಿರಹಟ್ಟಿಗೆ ಹೋದೆ. ರಿಟೈರ್ ಆದ ಹೆಡ್‌ಮಿಸ್ಟ್ರೆಸ್ ಕಟ್ಟೆಯ ಮೇಲೆ ಕೂತು, ಹೋಗಿಬರುವವರ ನಡಿಗೆಗೆ ಮಾರ್ಕ್ಸ್ ಕೊಡುತ್ತಿದ್ದಳು. ನಾನು ಗದಗಿನ ಅತಿ ದೊಡ್ಡ ಅಂಗಡಿಯ ಕೇಕು ಒಯ್ದಿದ್ದೆ. ಡಬ್ಬಿಯ ಮೇಲೆ ಹಸಿರು ಚುಕ್ಕೆ, ಅಂದರೆ ಅದು ಇಲ್ಲದ್ದು. ಅವಳು ಕನ್ನಡಕ ಏರಿಸಿ ಚುಕ್ಕೆ ನೋಡಿದಳು, ಒಂದು ಚೂರು ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ಒಸಡಿನಲ್ಲಿ ಬಹಳ ಹೊತ್ತು ತಿರುವಿದಳು.

"ಚಲೋ ಐತಿ," ಎಂದಳು. "ಆದ್ರ ಅದಲ್ಲ."

ನಾನು ಚಮಚ ಕೆಳಗಿಟ್ಟೆ. "ಅಕ್ಕಾ, ನಿನಗ ಗೊತ್ತೈತೇನು?"

"ಏನಲೇ, ನಿನ್ನ ಕೇಸರಿ ಹಾಲ? ಇಮಾಮಸಾಬನ ಹೇಂತಿ ನನ್ನ ಮದುವ್ಯಾಗs ಹೇಳಿದ್ಲು. ಅಕಿ ಹೊಟ್ಟ್ಯಾಗ ಏನಾದರೂ ನಿಂತೀತೇನು?"

"ಮತ್ತ ಮಾವಾರಿಗೆ ನೀ..."

"ನಾ ಯಾಕ ಹೇಳ್ಲಿ? ಒಮ್ಮೆ ಹೇಳಾಕ ಹೋಗಿದ್ದೆ. ಪರೀಕ್ಷಾ ಬರದು ಕೇಕು ತಂದೆನಲ್ಲ, ಅವತ್ತು. ಹಿಂಗ ಬಚ್ಚಿಟ್ಟು ಬಚ್ಚಿಟ್ಟು ನನಗ ಸಾಕಾಗಿತ್ತು. ಬಾಯಿ ತೆಗೆಯೂದರಾಗs ಕೈ ಮುಂದ ಮಾಡಿದ್ರು." ಅವಳು ಕೈ ಚಾಚಿ, ಮಾವನ ಸಣ್ಣ ದನಿಯಲ್ಲಿ ಹೇಳಿದಳು: "'ಹೇಳಬ್ಯಾಡ ಶಾಂತವ್ವ. ನೀ ಹೇಳಿದಿ ಅಂದ್ರ ನಾ ತಿನ್ನೂದು ಬಿಡಬೇಕು. ನಾ ಬಿಟ್ರ ನೀ ಬರಿಯೂದು ಬಿಡಬೇಕು. ಸುಮ್ಮನಿರು.'"

ಅಂದರೆ ಪರೀಕ್ಷೆ ಬರೆದದ್ದೂ ಅವರಿಗೆ ಅವತ್ತೇ ಗೊತ್ತಿತ್ತು. ಶಾಯಿಯ ಬೆರಳು ಆಯಿಯೊಬ್ಬಳಿಗೇ ಕಂಡದ್ದಲ್ಲ.

ನಾವಿಬ್ಬರೂ ಅಲ್ಲಿ ಕೂತು ನಕ್ಕೆವು. ಅವಳಿಗೆ ಕೆಮ್ಮು ಬಂತು. ಕರ್ಚೀಫ್ ಹಿಡಿಯದೆ, ಊರಿಗೆಲ್ಲ ಕೇಳುವ ಹಾಗೆ ಕೆಮ್ಮಿದಳು.

ನಾನು ಹೊರಟಾಗ ಕಟ್ಟೆಯ ಕಂಬ ಹಿಡಿದು ಎದ್ದು ನಿಂತಳು. "ಸರೂ, ಮುಂದಿನ ಸಲ ಬರೂವಾಗ ಅಂಗಡ್ಯಾಂದು ತರಬ್ಯಾಡ. ನೀನs ಮಾಡ್ಕೊಂಡು ಬಾ. ಕಲ್ಲಾದ್ರೂ ಆತು."

ಆಟೋ ಹೊರಳಿತು. ತಿರುಗಿ ನೋಡಿದೆ. ಹಸಿರು ಚುಕ್ಕೆಯ ಡಬ್ಬಿಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು ನಿಂತಿದ್ದಳು, ಗಡಿಯ ನಾಕೆಯಲ್ಲಿ ಅವಳ ಮಾವ ಹಿಡಿದುಕೊಂಡಿದ್ದ ಹಾಗೆಯೇ. ಬಲಗೈ ಅದರೊಳಗಿತ್ತು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ, ಅದಲ್ಲದ ಕೇಕಿನ ಇನ್ನೊಂದು ತುಂಡು ತೆಗೆದುಕೊಳ್ಳುವಾಗ.